ಕಮಲಾಪುರದ ದುಂಡಮ್ಮನ ಬಲಗೈ

ಕಮಲಾಪುರದ ಗೌಡರ ಮನೆತನ ದುಂಡಮ್ಮನಿಗೆ ಬೀಸಿದ ಕೂಲಿ ಇನ್ನೂ ಕೊಟ್ಟಿಲ್ಲ. ದೌರೆಗೆ, ಅಂದರೆ ಊರೂರು ತಿರುಗುವ ತಪಾಸಣೆಗೆ, ಬಂದ ಸಾಹೇಬರ ಡೇರೆಗೆ ಬೀಸಿದ ಗೋಧಿ, ಸಿಪಾಯಿಗಳಿಗೆ ಬೀಸಿದ ಜೋಳ, ಕುದುರೆಗಳಿಗೆ ಒಡೆದ ಕಡಲೆ, ಯಾವುದಕ್ಕೂ ಒಂದು ಸೇರು ಕಾಳು ಆಕೆಯ ಉಡಿಗೆ ಬಿದ್ದಿಲ್ಲ. ನಿಜಾಮರ ರಾಜ್ಯ ಹೋಯಿತು, ಗೌಡಿಕೆ ಹೋಯಿತು, ದುಂಡಮ್ಮನೂ ಮಣ್ಣಾದಳು. ಬಾಕಿ ಹಾಗೇ ನಿಂತಿದೆ. ಅದನ್ನು ಎಲ್ಲಿ ಕೇಳಬೇಕೋ ಅಲ್ಲಿ ಕೇಳಿದ್ದೇನೆ, ಮುಂದೆಯೂ ಕೇಳುತ್ತೇನೆ.

ಆಕೆಗೆ ಬರಬೇಕಾದದ್ದು ಇನ್ನೊಂದಿತ್ತು. "ನನ್ನ ಕೈ ಬರೂದಿಲ್ಲ" ಎಂದು ಆಕೆ ಹೇಳಿದಾಗ "ಹೌದು" ಅನ್ನುವ ಮಾತು. ಅಷ್ಟೇ. ಅಷ್ಟಕ್ಕಾಗಿ ಆಕೆ ಎಷ್ಟು ಹೆಣಗಿದಳು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ದುಂಡಮ್ಮ ಮಹಾಗಾಂವದ ಮಗಳು, ಕಮಲಾಪುರದ ಸೊಸೆ. ಗಂಡ ಚಂದ್ರಾಮಪ್ಪ ಗೌಡರ ಬಾಳೆತೋಟದಲ್ಲಿ ಆಳು. ಅಲ್ಲಿಯ ಕೆಂಪು ಬಾಳೆಗೊನೆಗಳು ಹುಲ್ಲು ಸುತ್ತಿಸಿಕೊಂಡು ಗಾಡಿ ಹತ್ತಿ ಕಲಬುರ್ಗಿಯ ದೊಡ್ಡವರ ಮನೆಗೆ ಹೋಗುತ್ತಿದ್ದವು. ನೀರು ಹಾಯಿಸಿದವನ ಮನೆಗೆ ಬಾವಲಿ ಕಚ್ಚಿದ ಹಣ್ಣೂ ಬರುತ್ತಿರಲಿಲ್ಲ. ಮನೆಯಲ್ಲಿ ಮೂವರೇ: ಗಂಡ, ಹೆಂಡತಿ, ಮತ್ತು ನೆಗೆಣ್ಣಿ ಮಲ್ಕಮ್ಮ. ಮಲ್ಕಮ್ಮ ಚಂದ್ರಾಮಪ್ಪನ ತೀರಿಹೋದ ಅಣ್ಣನ ಹೆಂಡತಿ. ಬಾಯಲ್ಲಿ ಯಾವಾಗಲೂ ತಂಬಾಕು, ತಂಬಾಕಿಗಿಂತ ಖಾರ ಮಾತು. ಎದುರು ಬಂದವರನ್ನು ಒಂದು ಮಾತು ಚುಚ್ಚದೆ ಬಿಟ್ಟವಳಲ್ಲ.

ಈ ಇಬ್ಬರು ಹೆಂಗಸರು ದಿನಾ ಮುಂಜಾನೆ ಎದುರುಬದುರು ಕೂತು ಜೋಳ ಬೀಸುತ್ತಿದ್ದರು. ಕಲ್ಲು ಒಂದು, ಗೂಟ ಒಂದು, ಅದರ ಮೇಲೆ ಎರಡು ಬಲಗೈ. ನಮ್ಮ ಕಡೆ ಬೀಸುವಾಗ ಹೆಂಗಸರಲ್ಲಿ ಒಂದು ರೂಢಿ ಇತ್ತು. ಒಬ್ಬಾಕಿ ಕಟ್ಟಿದ ಪದದಲ್ಲಿ ಇನ್ನೊಬ್ಬಾಕಿಯ ತವರನ್ನು ಜರಿಯಬೇಕು. ಆಕೆ ಕಲ್ಲಿನ ಬಾಯಿಗೆ ಮುಂದಿನ ಹಿಡಿ ಕಾಳು ಬೀಳುವುದರೊಳಗೆ ಪದದಲ್ಲೇ ಉತ್ತರ ಕೊಡಬೇಕು. ಕೊಡದಿದ್ದರೆ ಆ ದಿನ ನೀರು ತರುವ ಪಾಳಿ ಆಕೆಯದು. ಹಾಗಾಗಿ ಬೀಸುವವರ ಗಮನ ಕೈಯಲ್ಲಿ ಇರುತ್ತಿರಲಿಲ್ಲ, ನಾಲಿಗೆಯಲ್ಲಿ ಇರುತ್ತಿತ್ತು. ಕಲ್ಲು ತನ್ನಷ್ಟಕ್ಕೆ ತಿರುಗುತ್ತಿತ್ತು.

ಗೌಡರ ವಾಡೆಯಲ್ಲಿ ಹಾಗಲ್ಲ. ದೌರೆ ಬಂತೆಂದರೆ ಮಾವಿನ ತೋಪಿನಲ್ಲಿ ಡೇರೆ ಬೀಳುತ್ತಿದ್ದವು. ತಳವಾರ ಅಮೋಘಪ್ಪ ಬಡಿಗೆ ಹಿಡಿದು ಓಣಿ ಓಣಿಗೆ ಬಂದು ಬಾಗಿಲು ಬಡಿದು ಹೆಂಗಸರನ್ನು ಬಿಟ್ಟಿ ಬೀಸಲು ಎಬ್ಬಿಸಿಕೊಂಡು ಹೋಗುತ್ತಿದ್ದ. ವಾಡೆಯ ಹಿಂದಿನ ಪಡಸಾಲೆಯಲ್ಲಿ ದೊಡ್ಡ ಕಲ್ಲುಗಳು. ಒಬ್ಬರಿಂದ ತಿರುಗುವಂಥವಲ್ಲ. ಅಲ್ಲಿ ಪದ ಹೇಳುವಂತಿಲ್ಲ. ಗೌಡ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಒಂದೇ ಮಾತು: "ಸಾಹೇಬರು ಮಲಗ್ಯಾರ. ಬಾಯಿ ಮುಚ್ಚಿಗೊಂಡು ಬೀಸ್ರಿ." ಬಾಯಿ ಮುಚ್ಚಿಕೊಂಡು ಹೊತ್ತು ಮುಳುಗುವ ತನಕ ಬೀಸಿದ ಮೇಲೆ ಖಾಲಿ ಉಡಿ ಕೊಡವಿಕೊಂಡು ಮನೆಗೆ.

ಅಂಥ ಒಂದು ದಿನ ದುಂಡಮ್ಮನ ಕೈ ನಿಂತಿತು.

ಏನೂ ಆಗಿರಲಿಲ್ಲ. ಯಾರೂ ಹೊಡೆದಿರಲಿಲ್ಲ, ಬೈದದ್ದೂ ದಿನದ ಬೈಗುಳವೇ. ಗೋಧಿಯ ಹಿಡಿ ಹಾಕಿ ಗೂಟದ ಮೇಲೆ ಕೈ ಇಟ್ಟಳು. ಎದುರಿಗೆ ಮಲ್ಕಮ್ಮ ಜಗ್ಗಿದಳು. ಕಲ್ಲು ಅರ್ಧ ಸುತ್ತು ಬಂದು ದುಂಡಮ್ಮನ ಕಡೆ ನಿಂತುಬಿಟ್ಟಿತು.

"ತಿರುವವಾ, ನಿದ್ದಿ ಬಂತೇನು?" ಅಂದಳು ಮಲ್ಕಮ್ಮ, ಬಾಯೊಳಗೇ.

"ಯಕ್ಕಾ, ಕೈ ಮಾತು ಕೇಳವಲ್ದು."

ಕೈ ಗೂಟದಿಂದ ಜಾರಿ ಹಿಟ್ಟಿನಲ್ಲಿ ಬಿತ್ತು. ಅಂಗೈ ಮೇಲಾಗಿ, ಯಾರದೋ ಕೈ ಅಲ್ಲಿ ಮರೆತು ಹೋದ ಹಾಗೆ. ಮುಂದೆ ಎಷ್ಟೋ ವರ್ಷದ ಮೇಲೆ ನಾನು ಕೇಳಿದಾಗ ಆಕೆ ಹೇಳಿದ್ದು ಇದು: "ಬೆರಳಿನಿಂದ ಕೈಬಳಿ ತನಕ ಏನೂ ತಿಳೀತಿದ್ದಿಲ್ಲ. ಬಳಿ ಮ್ಯಾಲ ಎಲ್ಲಾ ನಂದ. ಬಳಿ ಕೆಳಗ ಮಂದಿ ಕೈ."

ಕೈ ಬಾರದ ಹೆಂಗಸು ಬಿಟ್ಟಿಗೆ ಬಾರದಿದ್ದರೆ ಗೌಡ ಸುಮ್ಮನೆ ಬಿಡುತ್ತಾನೆಯೇ? ಸೋಗು ಅಂದ. ಅಮೋಘಪ್ಪ ಸೋಗು ಅಂದ. ಬಾವಿಯ ಮೇಲೆ ಸೇರಿದವರೂ ಸೋಗು ಅಂದರು. ಕುತೂಹಲಕ್ಕೆ ಬಂದವರು ದಬ್ಬಣ ತಂದು ಚುಚ್ಚಿದರು. ದುಂಡಮ್ಮ ಬೇರೆ ಕಡೆ ನೋಡುತ್ತಾ ಕೂತಿರುತ್ತಿದ್ದಳು, ರಕ್ತ ಬಂದದ್ದು ಸೀರೆ ನೋಡಿದ ಮೇಲೆಯೇ ಗೊತ್ತಾಗುತ್ತಿತ್ತು. ಅದಕ್ಕೂ ಮಂದಿಯ ಬಳಿ ಉತ್ತರ ಇತ್ತು: "ಎಂಥಾ ಗಟ್ಟಿ ಹೆಂಗಸ ನೋಡು, ಚುಚ್ಚಿದ್ರೂ ಅಲಗಾಡೂದಿಲ್ಲ."

ಚಂದ್ರಾಮಪ್ಪ ಕೆಟ್ಟವನಲ್ಲ, ತಾಳ್ಮೆ ಇಲ್ಲದವನು. ಹೆಂಡತಿಯ ಕೈ ನಿಂತ ಮೇಲೆ ಆತನ ಕಾಲು ಒಂದು ಕಡೆ ನಿಲ್ಲಲಿಲ್ಲ. ತೋಟದಿಂದ ಬಂದವನು ಕೂಡುವ ಮೊದಲೇ ಆಕೆಯ ಮುಂದೆ ನಿಲ್ಲುತ್ತಿದ್ದ.

"ಎತ್ತು ನೋಡೂಣು."

"ಬರೂದಿಲ್ರೀ."

"ಸ್ವಲ್ಪ ಎತ್ತು. ಒಂದು ಬೆರಳರ ಅಲಗಾಡ್ಸು. ನಿನ್ನಿ ಅಲಗಾಡಿತ್ತು, ನಾ ನೋಡೀನಿ."

ನಿನ್ನೆ ಅಲುಗಾಡಿದ್ದು ಹೌದು. ಅದೇ ಆ ಬ್ಯಾನಿಯ ಹಾಳು ಗುಣ. ನಿದ್ದೆಯಲ್ಲಿ ಕೈ ಸೊಳ್ಳೆ ಹೊಡೆಯುತ್ತಿತ್ತು. ಎಮ್ಮೆಯ ಕರು ಹಗ್ಗ ಬಿಚ್ಚಿಕೊಂಡು ಓಡಿದಾಗ ಗಪ್ಪನೆ ಹಗ್ಗ ಹಿಡಿಯಿತು, ಹಿಡಿದದ್ದು ಆಕೆಗೆ ಗೊತ್ತಾದ ಕೂಡಲೇ ಬಿಟ್ಟಿತು. ಎತ್ತು ಅಂದರೆ ಎತ್ತದು. ನೋಡುವವರ ತಲೆ ಕೆಡುತ್ತಿತ್ತು. ಆಕೆಯ ತಲೆ ಅದಕ್ಕಿಂತ ಹೆಚ್ಚು ಕೆಡುತ್ತಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬೈಯುತ್ತಿದ್ದಳಂತೆ: "ಹಾಟ್ಯಾನ ಕೈಯೇ, ನನಗ ಸುಳ್ಳಿ ಅನ್ನಿಸಾಕ ಹುಟ್ಟಿದ್ಯಾ?"

ಚಂದ್ರಾಮಪ್ಪ ಮಂತ್ರ ಹಾಕಿಸಿದ, ಲಿಂಬೆ ಕೊಯ್ಯಿಸಿದ. ಮಹಾಗಾಂವಕ್ಕೆ ಕರೆದುಕೊಂಡು ಹೋಗಿ ಮುಂಗೈಗೆ ಬರೆ ಹಾಕಿಸಿದ. ಬರೆ ಮಾಯಲು ಒಂದು ತಿಂಗಳು ಹಿಡಿಯಿತು, ಕೈ ಬರಲಿಲ್ಲ. ಬರೆ ಹಾಕಿಸಿಕೊಂಡು ಬಂದ ದಿನ ಮಲ್ಕಮ್ಮ ಮೈದುನನಿಗೆ ರೊಟ್ಟಿ ಹಾಕಲಿಲ್ಲ.

"ವೈನಿ, ಹಸಿವಿ ಆಗ್ಯಾದ."

"ಒಲಿಯಾಗ ಕೆಂಡ ಅದ, ತಿನ್ನು."

ಕಮಲಾಪುರದ ಸಂತೆಗೆ ಕಲಬುರ್ಗಿಯಿಂದ ಬಳೆ ಮಾರಲು ಬರುತ್ತಿದ್ದಾಕೆ ಬಷೀರುನ್ನೀಸಾ. ಕೋಟೆಯ ಗೋಡೆ ಪಕ್ಕ ಅವಳ ಮನೆ. ದುಂಡಮ್ಮನ ಕೈ ಹಿಡಿದು ಬಳೆ ಏರಿಸುವಾಗ ಅವಳಿಗೆ ಗಾಬರಿ ಆಯಿತು. ಬಳೆ ಏರಿಸಿಕೊಳ್ಳುವ ಕೈ ನೋವಿಗೆ ಸ್ವಲ್ಪವಾದರೂ ಬಿಗಿಯುತ್ತದೆ. ಇದು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ಹಾಯ್ ಅಲ್ಲಾ, ಏನ್ ಮಾಡ್ಕೊಂಡಿ ಬೇಟಿ?"

ಮಲ್ಕಮ್ಮ ಎಲ್ಲ ಹೇಳಿದಳು. ಬಷೀರುನ್ನೀಸಾ ಬಳೆಯ ಪೆಟ್ಟಿಗೆ ಮುಚ್ಚಿದಳು. "ನಾ ಬಳಿ ಹಾಕೋ ಒಂದ್ ಮನ್ಯಾಗ ದಾಕ್ತರ್ ಇದ್ದಾರ. ಇಮಾಮುದ್ದೀನ್ ಸಾಬ್. ಲಡಾಯಿಗೆ ಹೋಗಿ ಬಂದೋರು. ಕರ್ಕೊಂಡ್ ಬರ್ರಿ, ನಾ ಮಾತಾಡ್ತೀನಿ."

ಜೋಳದ ಸೊಪ್ಪೆ ಹಾಕಿದ ಗಾಡಿಯಲ್ಲಿ ಮೂವರೂ ಕಲಬುರ್ಗಿಗೆ ಹೋದರು. ದಾರಿಯುದ್ದಕ್ಕೂ ಚಂದ್ರಾಮಪ್ಪ ಗಾಡಿ ಹತ್ತುವುದು, ಇಳಿಯುವುದು, ಎತ್ತಿನ ಪಕ್ಕ ನಡೆಯುವುದು, ಮತ್ತೆ ಹತ್ತುವುದು. "ನೀ ಒಂದು ಕಡಿ ಕುಂಡ್ರೋ, ಎತ್ತುಗಳೂ ಬೇಸತ್ತಾವ" ಅಂದಳು ಮಲ್ಕಮ್ಮ.

ಡಾಕ್ಟರ್ ಇಮಾಮುದ್ದೀನ್ ವಯಸ್ಸಾದ ಮನುಷ್ಯ. ದುಂಡಮ್ಮನನ್ನು ಕೂರಿಸಿಕೊಂಡು ಕೈ ಮಡಚಿ ನೋಡಿದರು, ಮೊಣಕೈಗೆ ತಟ್ಟಿ ನೋಡಿದರು. ಎಡಗೈಯಿಂದ ಮೇಜನ್ನು ಜೋರಾಗಿ ತಳ್ಳಲು ಹೇಳಿ, ಆಕೆ ತಳ್ಳುವಾಗ ಬಲಗೈಯ ತೋಳನ್ನು ಹಿಡಿದುಕೊಂಡು ಅದೂ ತನ್ನಷ್ಟಕ್ಕೆ ಬಿಗಿದದ್ದನ್ನು ಗಮನಿಸಿದರು. ಆಮೇಲೆ ಉರ್ದುವಿನಲ್ಲಿ ಮಾತಾಡಿದರು. ಬಷೀರುನ್ನೀಸಾ ಕನ್ನಡ ಮಾಡಿ ಹೇಳಿದಳು.

"ಕೈಯಾಗ ಏನೂ ರೋಗ ಇಲ್ಲ ಅಂತಾರ."

ಚಂದ್ರಾಮಪ್ಪ ಅಷ್ಟು ಕೇಳಿದವನೇ ಎದ್ದ. "ನೋಡ್ದಿ? ಊರ ಮಂದಿ ಹೇಳಿದ್ದೇ ಇದು! ನಾ ತೋಟ ಬಿಟ್ಟು, ಗಾಡಿ ಹೂಡಿ, ಬರೆ ಹಾಕಿಸಿ..." ಮಾತು ಮುಗಿಸಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದ. ಗಾಡಿಯ ಬಳಿ ನಿಂತು ನೊಗಕ್ಕೆ ಕೈಯಿಂದ ಗುದ್ದುವುದು ಒಳಗಿನವರಿಗೆ ಕೇಳುತ್ತಿತ್ತು.

ಡಾಕ್ಟರು ಆತ ಹೋದ ಬಾಗಿಲು ನೋಡಿ, ಉಳಿದ ಮಾತನ್ನು ಉಳಿದವರಿಗೆ ಹೇಳಿದರು. ಬಸ್ರಾ ಕಡೆಯ ಲಡಾಯಿಯಲ್ಲಿ ಗುಂಡು ತಾಗದ ಸಿಪಾಯಿಗಳ ಕಾಲು ನಿಂತದ್ದನ್ನು, ಮಾತು ಹೋದದ್ದನ್ನು ಅವರು ಕಂಡಿದ್ದರು. ಆ ಸಿಪಾಯಿಗಳಿಗೆ ಹೇಡಿಗಳು ಅಂದರಂತೆ. ಹೇಡಿಗಳಾಗಿರಲಿಲ್ಲ. ಕೈ ನೆಟ್ಟಗಿದೆ, ನರ ನೆಟ್ಟಗಿದೆ. ಮನಸ್ಸು ಕೊಟ್ಟ ಹುಕುಂ ದಾರಿಯಲ್ಲಿ ತಪ್ಪಿ ಹೋಗುತ್ತಿದೆ. ಯಾಕೆ ಅಂದರೆ ಪೂರ್ತಿ ತನಗೂ ತಿಳಿಯದು. ಇದು ಬೇಕೆಂದು ಮಾಡಿದ್ದಲ್ಲ.

"ಝೂಟ್ ನಹೀ" ಎಂದು ದುಂಡಮ್ಮನ ಕಡೆ ತಿರುಗಿ ಹೇಳಿದರು. ಸುಳ್ಳಲ್ಲ ಅನ್ನುವ ಆ ಮಾತನ್ನು ಬಷೀರುನ್ನೀಸಾ ಕನ್ನಡ ಮಾಡುವ ಅವಶ್ಯಕತೆ ಬೀಳಲಿಲ್ಲ. ದುಂಡಮ್ಮ ಅಲ್ಲಿಯ ತನಕ ಅತ್ತಿರಲಿಲ್ಲ, ಆಗಲೂ ಅಳಲಿಲ್ಲ. "ಇನ್ನೊಂದು ಸಲ ಅನ್ರಿ" ಅಂದಳು. ಅವರು ಇನ್ನೊಂದು ಸಲ ಅಂದರು.

ಮಲ್ಕಮ್ಮ ಕೇಳಿದಳು, "ಔಷಧಿ?"

ಒಂದು ಶೀಸೆ ಕಹಿನೀರು ಕೊಟ್ಟರು, ಅದರಿಂದ ಕೈ ಬರುವುದಿಲ್ಲ ಎಂದೂ ತಾವೇ ಹೇಳಿದರು. ಮಾಡಬೇಕಾದದ್ದು ಬೇರೆ. ಕೈಯನ್ನು ಕಟ್ಟಿ ಇಡಬೇಡಿ. ಅದರ ಮೇಲೆ ಕಣ್ಣು ನೆಡಬೇಡಿ, ಎತ್ತು ಎತ್ತು ಅನ್ನಬೇಡಿ. ದಿನದ ಕೆಲಸದಲ್ಲಿ ಸುಮ್ಮನೆ ಸೇರಿಸಿಕೊಳ್ಳಿ. ಬಂದ ದಿನ ಹಬ್ಬ ಬೇಡ, ಹೋದ ದಿನ ಗೋಳು ಬೇಡ. ಅದು ಬರುತ್ತದೆ, ಹೋಗುತ್ತದೆ, ಪೂರ್ತಿ ಬಂದರೂ ಬರಬಹುದು.

ಮಲ್ಕಮ್ಮ ತಲೆಯಾಡಿಸಿದಳು. ಹಬ್ಬ ಮಾಡುವ ಹೆಂಗಸಂತೂ ಆಕೆಯಾಗಿರಲಿಲ್ಲ. ಹೊರಗೆ ಬಂದು ಮೈದುನನಿಗೆ ಎಲ್ಲ ಹೇಳಲು ನೋಡಿದಳು. "ಗೊತ್ತಾತು ನಡೀರಿ" ಅಂದ ಆತ, ಎತ್ತಿನ ಬಾಲ ಮುರಿದ. ಕಮಲಾಪುರ ಮುಟ್ಟುವ ತನಕ ಬಾಯಿ ತೆರೆಯಲಿಲ್ಲ, ಕಿವಿಯನ್ನೂ ತೆರೆಯಲಿಲ್ಲ.

ಮರುದಿನದಿಂದ ಮಲ್ಕಮ್ಮ ತನ್ನ ಕೆಲಸ ಹಿಡಿದಳು. ದುಂಡಮ್ಮನನ್ನು ಕಲ್ಲಿನ ಮುಂದೆ ಕೂರಿಸಿ, ಸತ್ತ ಕೈಯನ್ನು ಎತ್ತಿ ಗೂಟದ ಮೇಲೆ ಇಟ್ಟು, ಮೇಲೆ ತನ್ನ ಕೈ ಇಟ್ಟು ತಿರುವಿದಳು. ಹೇಗಿದೆ, ತಿಳಿಯಿತೇ ಎಂದು ಒಂದು ಸಲವೂ ಕೇಳಲಿಲ್ಲ. ಕಣ್ಣು ಗೋಡೆಯ ಕಡೆ. ನಾಲಿಗೆ ದುಂಡಮ್ಮನ ತವರಿನ ಕಡೆ.

ಮಹಾಗಾಂವದ ಮಂದಿ ಮಹಾ ಹೊಟ್ಟಿಬಾಕರು
ಹತ್ತು ರೊಟ್ಟಿ ತಿಂದು ಹಸಿವಂದ್ರ, ನಮ್ಮೂರ
ನಾಯಿಗೂ ನಗಿ ಬಂತ.

ದುಂಡಮ್ಮ ಮೊದಲ ದಿನಗಳಲ್ಲಿ ಉತ್ತರ ಕೊಡಲಿಲ್ಲ. ನೀರಿನ ಪಾಳಿ ಆಕೆಯ ಮೇಲೆ ಬಿತ್ತು, ಮಲ್ಕಮ್ಮ ಬಿಡಲಿಲ್ಲ. "ಎಡಗೈ ಅದ ಇಲ್ಲ? ಹೊರು." ನೋಡಿದವರು ಎಂಥ ಕಲ್ಲೆದೆಯ ಹೆಂಗಸು ಅಂದರು. ಹಾಗೆ ಹೊರುತ್ತಾ ಹೊರುತ್ತಾ ದುಂಡಮ್ಮನಿಗೆ ಸಿಟ್ಟು ಬಂತು. ಒಂದು ಮುಂಜಾನೆ, ಮೋಡ ಹಾಕಿದ್ದರಿಂದ ಇನ್ನೂ ಮಬ್ಬು, ಪದ ಕಟ್ಟುವ ಆವೇಶದಲ್ಲಿ ಆಕೆ ಕಣ್ಣು ಮುಚ್ಚಿದಳು:

ಹನ್ನೊಂದನೇ ರೊಟ್ಟಿ ನಮ್ಮಲ್ಲಿ ಉಳದದ
ನಿನ್ನ ತವರಿನ ಮಂದಿ ಉಪವಾಸ, ನೆಗೆಣ್ಣಿ
ತಿನ್ನಾಕ ಕಳಿಸು ನಾಚಬ್ಯಾಡ.

ಮಲ್ಕಮ್ಮನ ಕೈ ಆಗ ಗೂಟದ ಮೇಲೆ ಇರಲಿಲ್ಲ. ಕಾಳು ತೆಗೆಯಲು ಮೊರಕ್ಕೆ ಹೋಗಿತ್ತು. ಕಲ್ಲು ತಿರುಗುತ್ತಿತ್ತು.

ಮಲ್ಕಮ್ಮ ನೋಡಿದಳು. ಮತ್ತೊಂದು ಪದ ಎಸೆದಳು, ಇದಕ್ಕಿಂತ ಕೆಟ್ಟದ್ದು, ಇಲ್ಲಿ ಬರೆಯುವಂಥದ್ದಲ್ಲ. ದುಂಡಮ್ಮ ನಗುತ್ತಾ ಅದಕ್ಕೂ ಉತ್ತರ ಹುಡುಕಿದಳು. ಕೈ ತಿರುವುತ್ತಲೇ ಇತ್ತು.

ದನದ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿಯ ಬುಟ್ಟಿ ಹಿಡಿದುಕೊಂಡು ಚಂದ್ರಾಮಪ್ಪ ನಿಂತಿದ್ದ. ಆತ ಡಾಕ್ಟರ ಮುಂದೆ ಅರ್ಧಕ್ಕೇ ಎದ್ದು ಹೋದವನು. ಬುಟ್ಟಿ ಅಲ್ಲೇ ಚೆಲ್ಲಿದ. ಬೀದಿಗೆ ಓಡಿದ.

"ಬಂತ್ರೋ! ನನ್ನ ಹೇಣ್ತಿ ಕೈ ಬಂತ್ರೋ! ನೋಡ ಬರ್ರೋ!"

ಓಣಿ ದಾಟಿ ಬಾವಿ ಕಟ್ಟೆ, ಬಾವಿ ಕಟ್ಟೆಯಿಂದ ಬಾಳೆತೋಟ. ಅಷ್ಟು ದಿನ ನುಂಗಿದ್ದ ಅವಮಾನವನ್ನೆಲ್ಲ ಕೂಗಿ ತೀರಿಸಿಕೊಂಡ. ಮಂದಿಯನ್ನು ಕರೆದುಕೊಂಡು ಮನೆಗೆ ಬಂದ. ಅಂಗಳ ತುಂಬಿತು. "ತಿರುವು. ಇವರ ಮುಂದ ತಿರುವು" ಅಂದ. ಊರಿನ ಕಣ್ಣೆಲ್ಲ ಆ ಕೈಯ ಮೇಲೆ ನೆಟ್ಟವು. ದುಂಡಮ್ಮನೂ ಅದನ್ನೇ ನೋಡಿದಳು. ಕೈ ಗೂಟದಿಂದ ಜಾರಿ ತೊಡೆಯ ಮೇಲೆ ಬಿತ್ತು.

"ಈಗ ಇತ್ತಲ್ಲ!" ಅಂದ ಚಂದ್ರಾಮಪ್ಪ. ಮಂದಿ ನಕ್ಕು ಚದುರಿದರು. ಹೊತ್ತು ಏರುವುದರೊಳಗೆ ಸುದ್ದಿ ವಾಡೆ ಮುಟ್ಟಿತ್ತು.

ಮಲ್ಕಮ್ಮ ಮೈದುನನನ್ನು ಕೊಟ್ಟಿಗೆಯಲ್ಲಿ ಕೂರಿಸಿ, ಡಾಕ್ಟರು ಹೇಳಿದ ಮಾತನ್ನು ಮೊದಲಿನಿಂದ ಕೊನೆಯ ತನಕ ಆತನ ಕಿವಿಗೆ ಹಾಕಿದಳು. ಈ ಸಲ ಆತ ಕೇಳಿದ. ಕೇಳಿ ತಲೆಗೆ ಕೈ ಹೊತ್ತುಕೊಂಡ.

"ವೈನಿ, ಮೊದಲೇ ಹೇಳಬಾರದಾ?"

"ಕಲಬುರ್ಗಿಯಿಂದ ಹೇಳಿಕೋತ ಬಂದೀನಿ. ನಿನಗೆಲ್ಲಿ ಪುರಸೊತ್ತಿತ್ತು?"

ಅದೇ ವಾರ ದೌರೆಯ ಸುದ್ದಿ ಬಂತು. ಅಮೋಘಪ್ಪ ಓಣಿಯ ಹೆಂಗಸರನ್ನೆಲ್ಲ ಬೀಸಲು ಎಬ್ಬಿಸಿಕೊಂಡು ಮೊದಲು ಚಾವಡಿಗೆ ತಂದ. ಗೌಡನಿಗೆ ದುಂಡಮ್ಮನ ಇತ್ಯರ್ಥ ಎಲ್ಲರ ಮುಂದೆ ಆಗಬೇಕಿತ್ತು. ಇವತ್ತು ಒಬ್ಬಾಕಿಯನ್ನು ಬಿಟ್ಟರೆ ನಾಳೆ ಎಲ್ಲರಿಗೂ ಒಂದೊಂದು ಬ್ಯಾನಿ ಬರುತ್ತದೆ ಅನ್ನುವುದು ಆತನ ಲೆಕ್ಕ. ಹೆಂಗಸರು ಗೋಡೆಗೆ ಒರಗಿ ಕೂತರು. ಚಂದ್ರಾಮಪ್ಪನನ್ನು ತೋಟದಿಂದ ಕರೆಸಿದ್ದರು, ಕಾಲಿಗೆ ಕೆಸರು ಹಾಗೇ ಇತ್ತು.

"ಚಂದ್ರಾಮಾ" ಅಂದ ಗೌಡ, "ಮೊನ್ನಿ ಓಣಿ ತುಂಬ ಒದರಿಕೋತ ಓಡಿದ್ಯಂತಲ್ಲ. ಏನಂತ ಒದರಿದಿ?"

"ಕೈ ಬಂತು ಅಂತ ಒದರಿದೆ ರೀ."

"ಸುಳ್ಳು ಒದರಿದ್ಯೋ, ಖರೆ ಒದರಿದ್ಯೋ?"

"ಖರೇನೇ ರೀ."

"ಮತ್ತ ಈಗ ಎಲ್ಲಿ ಹೋತು ಕೈ? ತವರಿಗೆ ಹೋಗ್ಯಾದೇನು?"

ಕಟ್ಟೆಯ ಮೇಲಿದ್ದವರು ನಕ್ಕರು. ಚಂದ್ರಾಮಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಕ ಬದಲಿಸಿದ. ಆತನ ಕೂಗೇ ಆತನ ಹೆಂಡತಿಯ ಕೊರಳಿಗೆ ಉರುಳಾಗಿ ಬಿದ್ದಿತ್ತು.

ಹೆಂಗಸರ ಸಾಲಿನಲ್ಲಿ ಶೇವಂತಾ ಅನ್ನುವ ಹುಡುಗಿ ಇದ್ದಳು. ಹೊಸ ಸೊಸೆ, ಹುರುಪಿನವಳು. ಆಕೆಗೆ ಸಹಿಸಲಾಗಲಿಲ್ಲ. ಬಲಗೈ ಮುಂದೆ ಚಾಚಿ ಮುಂಗೈ ಜೋತು ಬಿಟ್ಟಳು.

"ಗೌಡ್ರ, ನನ್ನ ಕೈನೂ ಹೋಗ್ಯಾದ್ರಿ."

ಪಕ್ಕದವಳಿಗೆ ನಗು ಬಂತು, ಧೈರ್ಯವೂ ಬಂತು. "ನಂದೂ ಹೋತ್ರಿ."

"ನಂದೂನು."

ಒಬ್ಬರಾದ ಮೇಲೆ ಒಬ್ಬರು ಕೈ ಜೋತು ಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಓಣಿಯ ಹೆಣ್ಣುಮಗಳ ಬೆನ್ನಿಗೆ ನಿಲ್ಲಬೇಕು ಎಂದು ಮಾಡಿದರು. ಗೌಡ ಮೊದಲು ಕೆಂಪಾದ, ಆಮೇಲೆ ತೊಡೆ ತಟ್ಟಿ ನಕ್ಕ.

"ಈಗ ತಿಳೀತು ನೋಡ್ರಪ್ಪ! ಒಬ್ಬಾಕಿ ಕಲಿಸ್ಯಾಳ, ಎಲ್ಲಾರೂ ಕಲ್ತಾರ. ಇನ್ನೇನು ಸಾಕ್ಷಿ ಬೇಕು? ಅಮೋಘ್ಯಾ, ಎಬ್ಬಿಸು ಎಲ್ಲಾರ್ನೂ."

ಆಗ ದುಂಡಮ್ಮ ಎದ್ದಳು. ಆಕೆ ಗೌಡನ ಕಡೆ ನೋಡಲಿಲ್ಲ. ನೇರ ಶೇವಂತಾಳ ಮುಂದೆ ಹೋಗಿ ನಿಂತಳು.

"ಎತ್ತು ಕೈ."

"ಯಕ್ಕಾ..."

"ಎತ್ತಂದ್ರ ಎತ್ತು. ನಿನ್ನ ಕೈಗೇನು ಧಾಡಿ? ಮುಂಜಾನಿ ನನ್ನ ಮುಂದ ಎರಡು ಕೊಡ ಹೊತ್ತಿ."

"ನಿನ್ನ ಸಲುವಾಗಿನೇ ಯಕ್ಕಾ..."

"ನನ್ನ ಸಲುವಾಗಿ ನನ್ನ ಬ್ಯಾನಿ ಉಟಗೊಂಡು ಕುಣೀಬ್ಯಾಡ. ನಿನಗ ಬೀಸಾಕ ಮನಸಿಲ್ಲ. ಇಲ್ಲಂತ ಅನ್ನು, ಬಾಯಿ ಅದ ಇಲ್ಲ? ನನಗ ಮನಸದ, ಕೈ ಬರೂದಿಲ್ಲ. ನಾ ಒಬ್ಬಾಕಿನೇ ಇದ್ದಾಗ ನಾಲ್ಕು ಮಂದಿಯರ ಖರೆ ಇರಬಹುದು ಅಂತಿದ್ರು. ನೀವೆಲ್ಲಾ ಕೂಡಿ ನನ್ನ ಪೂರಾ ಸುಳ್ಳಿ ಮಾಡಿದ್ರಿ."

ಶೇವಂತಾಳ ಕೈ ನಿಧಾನ ಸೆರಗಿನೊಳಗೆ ಹೋಯಿತು. ಉಳಿದವರೂ ಕೈ ಎಳೆದುಕೊಂಡರು. ಮಲ್ಕಮ್ಮ ಎದ್ದು ಗೋಡೆಯ ಮೂಲೆಗೆ ಹೋಗಿ ತಂಬಾಕು ಉಗುಳಿ ಬಂದಳು. ಎರಡೂ ಕೈ ಎತ್ತಿ ಗೌಡನಿಗೆ ತೋರಿಸಿದಳು.

"ನನ್ನ ಕೈ ಗಟ್ಟಿ ಅವ ಗೌಡ್ರ. ಎರಡೂ ಗಟ್ಟಿ ಅವ. ನಾ ಬೀಸೂದಿಲ್ಲ. ನಿಮ್ಮ ದೊಡ್ಡ ಕಲ್ಲು ಒಬ್ಬರಿಂದ ತಿರುಗೂದಿಲ್ಲ, ಎದುರಿಗೊಬ್ಬಾಕಿ ಬೇಕು. ಯಾರ ಎದುರಿಗೂ ನಾ ಕುಂಡ್ರೂದಿಲ್ಲ. ಕೂಲಿ ಅಳೀರಿ, ಆಮ್ಯಾಲ ಮಾತಾಡೂಣು."

"ನಾನೂ ಬೀಸೂದಿಲ್ರಿ" ಅಂದಳು ಶೇವಂತಾ. ಈ ಸಲ ದನಿ ನಡುಗುತ್ತಿತ್ತು. ಕೈ ಜೋತು ಬಿಟ್ಟಾಗ ಯಾರ ದನಿಯೂ ನಡುಗಿರಲಿಲ್ಲ. ಸೋಗಿನಲ್ಲಿ ಅಂಜಿಕೆ ಕಡಿಮೆ. ಒಲ್ಲೆ ಅನ್ನುವುದರಲ್ಲಿ ಬಹಳ.

ಗೌಡ ಹೆಂಗಸರನ್ನು ಬಿಟ್ಟು ಚಂದ್ರಾಮಪ್ಪನನ್ನು ಹಿಡಿದ. "ತ್ವಾಟದಾಗ ಕೆಲಸ ಬೇಕೋ ಬ್ಯಾಡೋ ನಿನಗ? ಹೇಣ್ತಿದು ಸೋಗು ಅಂತ ಒಂದು ಮಾತು ಅನ್ನು, ಇಲ್ಲಿಗೆ ಮುಗೀತು. ನೀನೇ ಕಣ್ಣಾರೆ ನೋಡಿದಾಂವ."

ಚಂದ್ರಾಮಪ್ಪ ದುಂಡಮ್ಮನ ಕಡೆ ನೋಡಿದ. ಕೈಯನ್ನಲ್ಲ, ಮುಖ ನೋಡಿದ. ಕೈ ನಿಂತ ಮೇಲೆ ಅಷ್ಟು ದಿನದಲ್ಲಿ ಅದೇ ಮೊದಲು.

"ಕೈ ಬಂದದ್ದೂ ನಾ ನೋಡೀನಿ ರೀ" ಅಂದ. "ಹೋದದ್ದೂ ನಾ ನೋಡೀನಿ. ಎರಡೂ ಖರೆ. ಸೋಗು ಅಂದ್ರ ನಾ ಸುಳ್ಳು ಹೇಳ್ದಂಗ ಆಗ್ತದ."

ಅಮೋಘಪ್ಪನ ಬಡಿಗೆ ಮಲ್ಕಮ್ಮನ ಬಲ ಹೆಗಲಿಗೆ ಬಿತ್ತು, ಚಂದ್ರಾಮಪ್ಪನ ತೋಟದ ಕೆಲಸ ಹೋಯಿತು. ಉಳಿದ ಹೆಂಗಸರೂ ಕಲ್ಲಿಗೆ ಕೂಡಲಿಲ್ಲ, ಆ ದೌರೆಗೆ ಹಿಟ್ಟು ಕಲಬುರ್ಗಿಯಿಂದ ಗಾಡಿಯಲ್ಲಿ ಬಂತು. ಬಿಟ್ಟಿ ನಿಂತೇ ಹೋಯಿತು ಎಂದು ಬರೆಯಲು ನನಗೂ ಆಸೆ. ನಿಲ್ಲಲಿಲ್ಲ. ಮುಂದಿನ ಸಲ ಬೇರೆ ಕೇರಿಯ ಹೆಂಗಸರನ್ನು ಹಿಡಿದರು. ಈ ಓಣಿಯ ಬಾಗಿಲು ಮಾತ್ರ ಮತ್ತೆ ಬಡಿಯಲಿಲ್ಲ. ಚಂದ್ರಾಮಪ್ಪ ರಸ್ತೆಗೆ ಜಲ್ಲಿ ಒಡೆಯುವ ಕೆಲಸ ಹಿಡಿದ. ಸಂಜೆ ಬಂದು ಹೆಂಡತಿಯ ಮುಂದೆ ಕೂತು ಜಲ್ಲಿಯ ಸುದ್ದಿ, ಕೆಲಸ ಮಾಡಿಸುವ ಮುಕ್ಕಾದಮನ ಸುದ್ದಿ ಹೇಳುತ್ತಿದ್ದ. ಕೈಯ ಸುದ್ದಿ ಕೇಳುತ್ತಿರಲಿಲ್ಲ. ಕೇಳಬೇಕು ಅನ್ನಿಸಿದಾಗ ಎದ್ದು ಹೋಗಿ ಎಮ್ಮೆಗೆ ಮೇವು ಹಾಕುತ್ತಿದ್ದನಂತೆ. ಆ ಎಮ್ಮೆ ಬಹಳ ದಪ್ಪಾಯಿತು.

ದುಂಡಮ್ಮನ ಕೈ ಪೂರ್ತಿ ಬರಲಿಲ್ಲ, ಪೂರ್ತಿ ಹೋಗಲೂ ಇಲ್ಲ. ವರ್ಷವೆಲ್ಲ ಚೆನ್ನಾಗಿದ್ದು ಒಂದು ಮುಂಜಾನೆ ಸೌಟು ಕೈಜಾರುತ್ತಿತ್ತು. ಆಕೆ ಎಡಗೈಯಿಂದ ಎತ್ತಿಕೊಳ್ಳುತ್ತಿದ್ದಳು. ಮಲ್ಕಮ್ಮನ ಹೆಗಲು ಚಳಿಗಾಲದಲ್ಲಿ ಹಿಡಿಯುತ್ತಿತ್ತು. ಇಬ್ಬರೂ ಕಲ್ಲಿನ ಮುಂದೆ ಕೂತಾಗ "ಇವತ್ತ ನಮ್ಮಿಬ್ಬರಿಗೆ ಕೂಡಿ ಎಷ್ಟು ಕೈ ಅವ?" ಅನ್ನುತ್ತಿದ್ದಳು ಮಲ್ಕಮ್ಮ. ಒಂದು ಋತು ಮುನಿಸಿಕೊಂಡಿದ್ದ ಶೇವಂತಾ ಆಮೇಲೆ ತಾನೇ ಬಂದು ಮೂರನೆಯವಳಾಗಿ ಕೂತಳು. ಆಕೆಯ ತವರನ್ನೂ ಬಿಡಲಿಲ್ಲ.

ನಿಜಾಮರ ವಿರುದ್ಧದ ಚಳವಳಿಯ ದಿನಗಳಲ್ಲಿ ಕಲಬುರ್ಗಿಯ ಒಂದು ಸಭೆಯಲ್ಲಿ ನಮ್ಮವನೇ ಒಬ್ಬ ಭಾಷಣಕಾರ ದುಂಡಮ್ಮನ ಕಥೆ ಹೇಳಿದ. ಗೌಡನ ಕಪಾಳಕ್ಕೆ ಹೊಡೆಯಲು ಎತ್ತಿದ ಕೈ ಸಿಟ್ಟಿನಲ್ಲಿ ಅಲ್ಲೇ ಕಲ್ಲಾಯಿತು, ಸ್ವಾತಂತ್ರ್ಯ ಬಂದ ದಿನ ಅದು ಇಳಿಯುತ್ತದೆ ಅಂದ. ಚಪ್ಪಾಳೆ ಬಿತ್ತು. ಸಭೆಯ ಹಿಂದಿನ ಸಾಲಿನಲ್ಲಿ ನೆರೆತ ಕೂದಲಿನ ಹೆಂಗಸೊಬ್ಬಳು ಎದ್ದು ನಿಂತಳು.

"ಏ ತಮ್ಮಾ, ನಾ ಯಾರಿಗೂ ಕೈ ಎತ್ತಿಲ್ಲ. ಎತ್ತಾಕ ಬಂದಿದ್ರ ಇಷ್ಟೆಲ್ಲಾ ಯಾಕ ಆಗ್ತಿತ್ತು? ನನ್ನ ಕೈ ನಿನ್ನ ಝೇಂಡಾದ ಕೋಲು ಮಾಡಬ್ಯಾಡ. ಸುಮ್ಮನ ನಿಂತಿತ್ತು. ಹಂಗ ಹೇಳು."

ಜನ ನಕ್ಕರು. ಆಕೆ ಕೂತಳು. ಅವತ್ತು ಕೈ ನೆಟ್ಟಗಿತ್ತು, ಆ ಕೈಯಿಂದಲೇ ಸೆರಗು ಸರಿಮಾಡಿಕೊಂಡಳು.

ಆಕೆಯ ಕೂಲಿ ವಸೂಲಿ ಮಾಡುವುದು ನನ್ನ ಕೆಲಸ, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ನಿಮ್ಮಿಂದ ನನಗೆ ಬೇಕಾದದ್ದು ಬೇರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕೈ ನಿಂತವರೋ, ಕಾಲು ನಿಂತವರೋ, ಮಾತು ನಿಂತವರೋ ಒಬ್ಬರು ಇದ್ದಾರೆ. ಡಾಕ್ಟರು ಏನೂ ಇಲ್ಲ ಅಂದಿದ್ದಾರೆ, ನೀವು ಅಷ್ಟು ಕೇಳಿ ಚಪ್ಪಲಿ ಮೆಟ್ಟಿ ಹೊರಗೆ ಬಂದಿದ್ದೀರಿ. ವಾಪಸು ಒಳಗೆ ಹೋಗಿ. ಉಳಿದ ಮಾತು ಕೇಳಿ. ಕೈಯಲ್ಲಿರುವ ದಬ್ಬಣ ಕೆಳಗಿಡಿ, ಅವರ ಎದುರಿಗೆ ಕೂತು ಕಣ್ಣು ಬೇರೆ ಕಡೆ ಇಟ್ಟು ಗೂಟ ಹಿಡಿಯಿರಿ. ಹಿಡಿಯುತ್ತೀರೋ ಇಲ್ಲವೋ, ಇವತ್ತೇ ಹೇಳಿ.